ಡಬ್ಬಿಯ ಹಿಂಬದಿ ಓದುವುದು: ಸಿಂಥೆಟಿಕ್ ಎಂಜಿನ್ ಆಯಿಲ್ ಆರಿಸುವವರಿಗೆ ಒಂದು ಟಿಪ್ಪಣಿ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಬಿಡಿಭಾಗದ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು, ಗಿರಾಕಿಗಳು ಕೇಳುವ ಪ್ರಶ್ನೆಗಳು ಎರಡೇ ಎಂಬುದು ತಿಳಿಯುತ್ತದೆ. ಇದು ಪೂರ್ತಿ ಸಿಂಥೆಟಿಕ್ ಹೌದೇ? ಬೆಲೆ ಎಷ್ಟು? ಎರಡಕ್ಕೂ ಉತ್ತರ ಸಿಕ್ಕಿದ ಮೇಲೂ ಆ ಆಯಿಲ್ ತಮ್ಮ ಕಾರಿಗೆ ಸರಿಹೊಂದುತ್ತದೆಯೇ ಎಂಬುದು ಅವರಿಗೆ ಗೊತ್ತಾಗಿರುವುದಿಲ್ಲ. ನಮ್ಮಂತಹ ಮೋಟಾರು ಮೆಕ್ಯಾನಿಕ್ ವಿದ್ಯಾರ್ಥಿಗಳು ನಾಳೆ ಅದೇ ಗಿರಾಕಿಗೆ ಸಲಹೆ ಕೊಡಬೇಕಾದವರು. ಆದ್ದರಿಂದ ಡಬ್ಬಿಯ ಮುಂದಿನ ದಪ್ಪಕ್ಷರಗಳನ್ನು ಬಿಟ್ಟು ಹಿಂದಿನ ಸಣ್ಣಕ್ಷರಗಳನ್ನು ಓದುವುದು ಹೇಗೆಂದು ಇಲ್ಲಿ ಬರೆದಿದ್ದೇನೆ.

ಸಿಂಥೆಟಿಕ್ ಎಂದರೆ ಎಷ್ಟು ಸಿಂಥೆಟಿಕ್?

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಮೂಲ ತೈಲಗಳನ್ನು ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲ ಎರಡು ಕಚ್ಚಾ ತೈಲದಿಂದ ಶುದ್ಧೀಕರಿಸಿದ ಮಿನರಲ್ ತೈಲಗಳು. ಮೂರನೆಯದೂ ಸಾಮಾನ್ಯವಾಗಿ ಕಚ್ಚಾ ತೈಲದಿಂದಲೇ ಬರುತ್ತದೆ. ಆದರೆ ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಜೊತೆ ಸಂಸ್ಕರಿಸಿ ಅದರ ಅಣುಗಳ ರಚನೆಯನ್ನೇ ಬದಲಾಯಿಸಲಾಗಿರುತ್ತದೆ. ನಾಲ್ಕನೆಯದು ಕಾರ್ಖಾನೆಯಲ್ಲಿ ಕಟ್ಟಿದ ಪಿಎಒ, ಅಂದರೆ ಪಾಲಿ ಆಲ್ಫಾ ಓಲೆಫಿನ್. ಐದನೆಯದರಲ್ಲಿ ಎಸ್ಟರ್ ಮುಂತಾದ ಉಳಿದವೆಲ್ಲ ಸೇರುತ್ತವೆ.

ಮೂರನೇ ಗುಂಪನ್ನು ಸಿಂಥೆಟಿಕ್ ಎನ್ನಬಹುದೇ ಎಂಬ ಜಗಳ ಹಳೆಯದು. ಅಮೆರಿಕದಲ್ಲಿ ಮೊಬಿಲ್ ಕಂಪನಿ ಕ್ಯಾಸ್ಟ್ರಾಲ್ ವಿರುದ್ಧ ತಕರಾರು ಎತ್ತಿದಾಗ, ಜಾಹೀರಾತು ವಿವಾದಗಳನ್ನು ನೋಡುವ ಅಲ್ಲಿನ ಮಂಡಳಿ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ನಿಂತಿತು. ಅಲ್ಲಿಂದ ಮುಂದೆ ಮೂರನೇ ಗುಂಪಿನ ತೈಲವೂ ಪೂರ್ತಿ ಸಿಂಥೆಟಿಕ್ ಎಂಬ ಹೆಸರಿನಲ್ಲಿಯೇ ಮಾರಾಟವಾಗುತ್ತಿದೆ. ಇದರಲ್ಲಿ ಮೋಸವೇನಿಲ್ಲ, ಅದು ಒಳ್ಳೆಯ ತೈಲವೇ. ಆದರೆ ಆ ಪದವೊಂದನ್ನೇ ನಂಬಿ ಹಣ ಕೊಡುವುದರಲ್ಲಿ ಅರ್ಥವಿಲ್ಲ. ಸೆಮಿ ಸಿಂಥೆಟಿಕ್ ಎಂಬುದಂತೂ ಇನ್ನೂ ಸಡಿಲ. ಮಿನರಲ್ ಎಷ್ಟು, ಸಿಂಥೆಟಿಕ್ ಎಷ್ಟು ಎಂಬುದನ್ನು ಡಬ್ಬಿ ಹೇಳುವುದಿಲ್ಲ.

ಗ್ರೇಡ್, ಮತ್ತು ನಮ್ಮ ಕಡೆಯ ಬಿಸಿಲಿನ ವಾದ

5ಡಬ್ಲ್ಯು-30 ಎಂಬಲ್ಲಿ ಡಬ್ಲ್ಯು ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅದಕ್ಕೆ ಮೊದಲು ಬರುವ ಅಂಕಿ ತಣ್ಣಗಿನ ಎಂಜಿನ್‌ನಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದನ್ನೂ ನಂತರ ಬರುವ ಅಂಕಿ ಬಿಸಿಯಾದ ಮೇಲೆ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನೂ ಹೇಳುತ್ತವೆ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ಗ್ರೇಡ್‌ನ ಸ್ನಿಗ್ಧತೆ (ಹರಿಯದೆ ತಡೆಯುವ ಗಟ್ಟಿತನ) 9.3ರಿಂದ 12.5 ಸೆಂಟಿಸ್ಟೋಕ್‌ನೊಳಗೆ, 40ರದು 12.5ರಿಂದ 16.3ರೊಳಗೆ ಇರಬೇಕು. ಚಳಿಯ ಪರೀಕ್ಷೆ ನಡೆಯುವುದು ಶೂನ್ಯಕ್ಕಿಂತ ಬಹಳ ಕೆಳಗೆ: ಸ್ಟಾರ್ಟ್ ಮಾಡುವಾಗಿನ ಗಟ್ಟಿತನವನ್ನು 0ಡಬ್ಲ್ಯುಗೆ ಮೈನಸ್ 35ರಲ್ಲಿ, 5ಡಬ್ಲ್ಯುಗೆ ಮೈನಸ್ 30ರಲ್ಲಿ, 15ಡಬ್ಲ್ಯುಗೆ ಮೈನಸ್ 20ರಲ್ಲಿ ಅಳೆಯುತ್ತಾರೆ. ಧಾರವಾಡದ ಜನವರಿ ಮುಂಜಾವು ಎಷ್ಟೇ ಚಳಿಯೆನಿಸಿದರೂ ಆ ಅಂಕಿಗಳ ಹತ್ತಿರವೂ ಸುಳಿಯುವುದಿಲ್ಲ. ಹಾಗಾಗಿ ನಮ್ಮ ಕಡೆ 0ಡಬ್ಲ್ಯು ಮತ್ತು 5ಡಬ್ಲ್ಯು ನಡುವಿನ ಅಂತರಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಂಜಿನ್ ಬಿಸಿಯಾಗುವವರೆಗಿನ ಇಂಧನ ಉಳಿತಾಯಕ್ಕಾಗಿಯೇ ಕಂಪನಿಗಳು 0ಡಬ್ಲ್ಯು ಕಡೆಗೆ ಹೆಚ್ಚು ವಾಲುತ್ತಿವೆ.

ಇನ್ನು ಎಲ್ಲ ಗ್ಯಾರೇಜುಗಳಲ್ಲಿ ಕೇಳಿಬರುವ ಮಾತು: ನಮ್ಮದು ಬಿಸಿಲಿನ ಸೀಮೆ, ಗದಗ ಕಡೆ ಏಪ್ರಿಲ್‌ನಲ್ಲಿ ರಸ್ತೆ ಕಾದ ಹಂಚು, ಆದ್ದರಿಂದ ಗಟ್ಟಿ ಆಯಿಲ್ ಹಾಕಬೇಕು. ಈ ವಾದ ಅರ್ಧ ಮಾತ್ರ ಸರಿ. ಕೂಲಂಟ್‌ನ ಉಷ್ಣಾಂಶವನ್ನು ಥರ್ಮೋಸ್ಟಾಟ್ 90 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ಹೊರಗೆ 25 ಇರಲಿ, 38 ಇರಲಿ, ಆಯಿಲ್ ದುಡಿಯುವ ಜಾಗದ ಶಾಖದಲ್ಲಿ ಅಷ್ಟು ದೊಡ್ಡ ವ್ಯತ್ಯಾಸವಾಗುವುದಿಲ್ಲ. ಆಯಿಲ್ ನಿಜವಾಗಿ ಕಾಯುವುದು ಹೊರೆ ಮತ್ತು ವೇಗದಿಂದ. ತುಂಬಿದ ಕಾರು ಯಲ್ಲಾಪುರ ದಾಟಿ ಅಂಕೋಲೆಗೆ ಹೋಗಿ, ಮರಳುವಾಗ ಅರಬೈಲು ಘಟ್ಟವನ್ನು ಕಡಿಮೆ ಗೇರಿನಲ್ಲಿ ಹತ್ತುತ್ತದಲ್ಲ, ಆಗ. ಕೆಲವು ಕಾರುಗಳ ಕೈಪಿಡಿಯಲ್ಲಿ ಹವಾಮಾನಕ್ಕೆ ತಕ್ಕಂತೆ ಎರಡು ಮೂರು ಗ್ರೇಡ್‌ಗಳನ್ನು ಕೊಟ್ಟಿರುತ್ತಾರೆ. ಅಲ್ಲಿ ಗಟ್ಟಿಯದನ್ನು ಆರಿಸಿಕೊಳ್ಳಲು ಅಡ್ಡಿಯಿಲ್ಲ. ಕೈಪಿಡಿ 0ಡಬ್ಲ್ಯು-20 ಒಂದನ್ನೇ ಹೇಳಿರುವಾಗ 20ಡಬ್ಲ್ಯು-50 ಸುರಿಯುವುದು ಬೇರೆ ಮಾತು. ಹೊಸ ಎಂಜಿನ್‌ಗಳಲ್ಲಿ ವಾಲ್ವ್ ಟೈಮಿಂಗ್ ಬದಲಿಸುವುದೂ ಆಯಿಲ್ ಒತ್ತಡದಿಂದಲೇ. ಅದರ ಸಣ್ಣ ದಾರಿಗಳನ್ನು ತೆಳು ಆಯಿಲ್‌ಗೆಂದೇ ಕೊರೆದಿರುತ್ತಾರೆ.

ಒಂದೇ ಗ್ರೇಡ್, ಎರಡು ಆಯಿಲ್

ಪರೀಕ್ಷೆಗೆ ಓದುವವರು ಬೇಗ ದಾಟಿಹೋಗುವ ಭಾಗ ಇದು. ನನ್ನ ಮಟ್ಟಿಗೆ ಇದೇ ಮುಖ್ಯ. ಪಕ್ಕಪಕ್ಕದಲ್ಲಿ ಎರಡು ಡಬ್ಬಿಗಳಿವೆ ಎನ್ನಿ. ಎರಡರ ಮೇಲೂ 5ಡಬ್ಲ್ಯು-30, ಎರಡೂ ಪೂರ್ತಿ ಸಿಂಥೆಟಿಕ್. ಒಂದರ ಹಿಂದೆ ಎಸಿಇಎ ಸಿ2 ಎಂದಿದೆ, ಇನ್ನೊಂದರ ಹಿಂದೆ ಎಸಿಇಎ ಸಿ3. ಎಸಿಇಎ ಯುರೋಪಿನ ಕಾರು ತಯಾರಕರ ಸಂಘ; ಸಿ2, ಸಿ3 ಅದು ಗೊತ್ತುಪಡಿಸಿದ ಆಯಿಲ್ ದರ್ಜೆಗಳು.

ಕ್ರ್ಯಾಂಕ್ ಮತ್ತು ಬೇರಿಂಗ್ ನಡುವಿನ ಸಂದಿಯಲ್ಲಿ ಆಯಿಲ್ ಪದರ ಅತಿ ವೇಗದಲ್ಲಿ ಉಜ್ಜಿಸಿಕೊಳ್ಳುತ್ತದೆ, ಅಲ್ಲಿ ಶಾಖವೂ ಹೆಚ್ಚು. ಆ ಸ್ಥಿತಿಯನ್ನು ಅನುಕರಿಸಿ 150 ಡಿಗ್ರಿಯಲ್ಲಿ ಅಳೆಯುವ ಸ್ನಿಗ್ಧತೆಗೆ ಎಚ್‌ಟಿಎಚ್‌ಎಸ್ ಎನ್ನುತ್ತಾರೆ. 30ರ ಗ್ರೇಡ್‌ಗೆ ಇದು ಕನಿಷ್ಠ 2.9 ಮಿಲಿಪ್ಯಾಸ್ಕಲ್-ಸೆಕೆಂಡ್ ಇದ್ದರೆ ಸಾಕು. ಸಿ2 ಕೇಳುವುದೂ ಅಷ್ಟನ್ನೇ. ಸಿ3 ಮಾತ್ರ ಕನಿಷ್ಠ 3.5 ಬೇಕೆನ್ನುತ್ತದೆ. ಅಂದರೆ ಮೊದಲನೆಯದು ಇಂಧನ ಉಳಿಸಲೆಂದು ತೆಳುವಾದ ಪದರ ಬಿಡುತ್ತದೆ, ಎರಡನೆಯದು ಹೊರೆ ತಡೆಯಲೆಂದು ದಪ್ಪ ಪದರ ಬಿಡುತ್ತದೆ. ಸಿ3 ಬೇಡುವ ಎಂಜಿನ್‌ಗೆ ಸಿ2 ಹಾಕಿ, ‘ಗ್ರೇಡ್ ಅದೇ ಇದೆಯಲ್ಲ’ ಎಂದರೆ ಬೇರಿಂಗ್ ಕೇಳುವುದಿಲ್ಲ.

ಕಾರು ಕಂಪನಿಗಳು ತಮ್ಮ ಎಂಜಿನ್ ಆಯಿಲ್‌ಗೆ ಕೊಡುವ ಸ್ವಂತ ಸಂಖ್ಯೆಗಳು ಇದಕ್ಕಿಂತಲೂ ಕಟ್ಟುನಿಟ್ಟು. ಫೋಕ್ಸ್‌ವ್ಯಾಗನ್‌ನ 508 00 ಎಂಬ 0ಡಬ್ಲ್ಯು-20 ಆಯಿಲ್ ಅದಕ್ಕೆಂದೇ ರೂಪಿಸಿದ ಎಂಜಿನ್‌ಗಳಿಗೆ ಮಾತ್ರ; ಅದೇ ಕಂಪನಿಯ ಹಳೆಯ ಎಂಜಿನ್‌ಗೆ ಹಾಕುವಂತಿಲ್ಲ. ಫೋರ್ಡ್‌ನ ಮೊದಮೊದಲ 1.0 ಲೀಟರ್ ಇಕೋಬೂಸ್ಟ್‌ನಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್‌ನಲ್ಲೇ ಮುಳುಗಿ ತಿರುಗುತ್ತದೆ. ತಪ್ಪು ಆಯಿಲ್ ಆ ಬೆಲ್ಟನ್ನೇ ತಿನ್ನುತ್ತದೆ. ಡಬ್ಬಿಯ ಮೇಲೆ ಇಂತಹ ಸಂಖ್ಯೆ ಕಂಡಾಗ ಅದರ ಪಕ್ಕದ ಮಾತನ್ನೂ ನೋಡಬೇಕು. ‘ಅನುಮೋದಿತ’ ಎಂದಿದ್ದರೆ ಕಾರು ಕಂಪನಿ ಪರೀಕ್ಷಿಸಿ ಒಪ್ಪಿದೆ. ‘ಬಳಸಲು ಸೂಕ್ತ’ ಎಂದಿದ್ದರೆ ಅದು ಆಯಿಲ್ ಮಾರುವವರ ಮಾತು ಮಾತ್ರ.

ಡೀಸೆಲ್‌ನವರಿಗೆ ಬಿಎಸ್6 ತಂದ ಬದಲಾವಣೆ

2020ರ ಏಪ್ರಿಲ್‌ನಿಂದ ಬಿಎಸ್6 ಎಂಬ ಹೊಗೆ ಮಿತಿಯ ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬಂದಿತು. ಮಸಿ ಇಂಗಾಲ, ಫಿಲ್ಟರ್ ಕಾದಾಗ ಉರಿದುಹೋಗುತ್ತದೆ. ಆದರೆ ಸಿಲಿಂಡರ್‌ನಲ್ಲಿ ಚೂರುಚೂರೇ ಉರಿಯುವ ಎಂಜಿನ್ ಆಯಿಲ್‌ನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ಬೂದಿ ಉಳಿಯುತ್ತದೆ. ಅದನ್ನು ಸುಡಲಾಗದು. ಅದು ಅಲ್ಲೇ ಕೂರುತ್ತದೆ, ಫಿಲ್ಟರ್ ಕಟ್ಟುತ್ತದೆ. ಆದ್ದರಿಂದಲೇ ಸಿ3ಯಲ್ಲಿ ಬೂದಿಯ ಅಂಶ ಶೇ 0.8 ಮೀರಬಾರದು, ಹಳೆಯ ಕಾರುಗಳಿಗೆ ಒಗ್ಗುವ ಎಸಿಇಎ ಎ3/ಬಿ4 ಬಗೆಯಲ್ಲಿ ಅದು ಶೇ 1.6ರವರೆಗೂ ಇರಬಹುದು. ಊರಿನ ಹಳೆಯ ಜೀಪಿಗೆ ಹಾಕುವ ಆಯಿಲನ್ನೇ ಹೊಸ ಡೀಸೆಲ್ ಕಾರಿಗೂ ಹಾಕಿದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಬಿಲ್ ಆಮೇಲೆ ಬರುತ್ತದೆ.

ಇನ್ನೊಂದು ಸಂಗತಿ. ಡಿಪಿಎಫ್ ಮಸಿ ಸುಡುವಾಗ ಅನೇಕ ಎಂಜಿನ್‌ಗಳು ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತವೆ. ವಿದ್ಯಾನಗರದಿಂದ ಉಣಕಲ್ಲಿಗೆ ಹೋಗಿ ಬರುವಷ್ಟೇ ಓಡಾಟವಿರುವ ಕಾರಿನಲ್ಲಿ ಆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ, ಡೀಸೆಲ್ ಇಳಿದು ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್‌ಗೆ ಸೇರುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಇಳಿಯುವ ಬದಲು ಏರುತ್ತಿದ್ದರೆ ಸಂತೋಷಪಡಬೇಡಿ, ಆಯಿಲ್ ತೆಳುವಾಗುತ್ತಿದೆ. ಅಂತಹ ಕಾರನ್ನು ಆಗಾಗ ಹೆದ್ದಾರಿಯಲ್ಲಿ ಹಾವೇರಿಯವರೆಗೆ ಓಡಿಸಿಕೊಂಡು ಬರುವುದು ಒಳ್ಳೆಯದು.

ಟರ್ಬೊ ಪೆಟ್ರೋಲ್

ಸಿಲಿಂಡರ್‌ಗೆ ನೇರವಾಗಿ ಪೆಟ್ರೋಲ್ ಚಿಮ್ಮಿಸುವ ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ, ಕಡಿಮೆ ವೇಗದಲ್ಲಿ ಜೋರಾಗಿ ಒತ್ತಿದಾಗ ಕಿಡಿ ಬೀಳುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ರೋಗವಿದೆ. ಪಿಸ್ಟನ್ ಒಡೆಯುವಷ್ಟು ಬಲದ ಹೊಡೆತ ಅದು. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಈ ತೊಂದರೆಯೂ ಹೆಚ್ಚು. 2020ರಲ್ಲಿ ಬಂದ, ಎಪಿಐನ ಪೆಟ್ರೋಲ್ ಆಯಿಲ್ ಗುಣಮಟ್ಟವಾದ ಎಸ್‌ಪಿ ಮಟ್ಟದಲ್ಲಿ ಇದಕ್ಕೆಂದೇ ಪರೀಕ್ಷೆಯಿದೆ. 2025ರಲ್ಲಿ ಅದರ ಮುಂದಿನ ಮಟ್ಟ ಎಸ್‌ಕ್ಯು ಬಂದಿದೆ. ಇಂತಹ ಕಾರಿಗೆ, ಎಸ್‌ಪಿಗಿಂತ ಹಿಂದಿನ ಮಟ್ಟವಾದ ಎಸ್‌ಎನ್ ಎಂದಷ್ಟೇ ಬರೆದಿರುವ ಹಳೆಯ ದಾಸ್ತಾನನ್ನು ರಿಯಾಯಿತಿಗೆ ಸಿಕ್ಕಿತೆಂದು ಕೊಳ್ಳಬಾರದು. ಟರ್ಬೊ ಬೇರಿಂಗ್‌ನ ಶಾಖಕ್ಕೆ ಆಯಿಲ್ ಕರಕಲಾಗುವ ಅಪಾಯವೂ ಇರುವುದರಿಂದ, ಸಿಂಥೆಟಿಕ್‌ಗೆ ಕೊಡುವ ಹೆಚ್ಚಿನ ಹಣ ನಿಜವಾಗಿ ವಸೂಲಾಗುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಅಭ್ಯಾಸಕ್ಕೆ ಮೂರು ಕಾರುಗಳು

ಮೊದಲನೆಯದು ಹುಬ್ಬಳ್ಳಿ–ಧಾರವಾಡ ನಡುವೆ ದಿನವೂ ಓಡುವ ಹಳೆಯ ಪೆಟ್ರೋಲ್ ಕಾರು. ಟರ್ಬೊ ಇಲ್ಲ, ಕೈಪಿಡಿಯಲ್ಲಿ 20ಡಬ್ಲ್ಯು-50 ಎಂದಿದೆ. ಇದಕ್ಕೆ ದುಬಾರಿ ಸಿಂಥೆಟಿಕ್ ಹಾಕಿಸುವುದು ದುಂದು. ಒಳ್ಳೆಯ ಮಿನರಲ್ ಆಯಿಲನ್ನು ಸಮಯಕ್ಕೆ ಬದಲಿಸಿ, ಉಳಿದ ಹಣದಲ್ಲಿ ಏರ್ ಫಿಲ್ಟರ್ ಹಾಕಿಸಲು ಹೇಳಿ. ನವಲಗುಂದದ ಕಡೆಯ ಎರೆಮಣ್ಣಿನ ದೂಳು ಒಳಗೆ ಹೋದರೆ ಯಾವ ಆಯಿಲ್ ಕೂಡ ಎಂಜಿನ್ನನ್ನು ಉಳಿಸಲಾರದು.

ಎರಡನೆಯದು ಗದಗದಿಂದ ಹೊರಡುವ ಬಿಎಸ್6 ಡೀಸೆಲ್ ಟ್ಯಾಕ್ಸಿ. ಕೈಪಿಡಿ ಹೇಳುವ ಕಡಿಮೆ ಬೂದಿಯ ಆಯಿಲೇ ಬೇಕು, ಚೌಕಾಸಿ ಇಲ್ಲ. ಆಯಿಲ್ ಕಪ್ಪಾಗಿದೆ ಎಂದು ಚಾಲಕರು ಬೇಗ ಗಾಬರಿಯಾಗುತ್ತಾರೆ. ಡೀಸೆಲ್‌ನಲ್ಲಿ ಬದಲಿಸಿದ ಕೆಲವೇ ದಿನಗಳಲ್ಲಿ ಬಣ್ಣ ಕಪ್ಪಾಗುವುದು ಸಹಜ. ಮಸಿಯನ್ನು ಅಂಟಿಕೊಳ್ಳಲು ಬಿಡದೆ ತೇಲಿಸಿಟ್ಟಿರುವುದರ ಗುರುತು ಅದು. ಬದಲಿಸುವ ಹೊತ್ತನ್ನು ಬಣ್ಣದಿಂದಲ್ಲ, ಕಿಲೋಮೀಟರ್ ಮತ್ತು ತಿಂಗಳುಗಳಿಂದ ತೀರ್ಮಾನಿಸಬೇಕು.

ಮೂರನೆಯದು ಹಾವೇರಿಯ ಟರ್ಬೊ ಪೆಟ್ರೋಲ್ ಕಾರು, ವಾರಂಟಿ ಇನ್ನೂ ಇದೆ. ಹೆದ್ದಾರಿಯಲ್ಲಿ ಆಯಿಲ್ ಕಡಿಮೆಯಾಗಿದೆ, ಹೇಳಿದ ಆಯಿಲ್ ಸಿಗುತ್ತಿಲ್ಲ. ಆಗ ಹತ್ತಿರದ ಗ್ರೇಡ್‌ನ, ಎಸ್‌ಪಿ ಮಟ್ಟದ ಬೇರೆ ಕಂಪನಿಯ ಆಯಿಲ್ ಅರ್ಧ ಲೀಟರ್ ಸೇರಿಸಬಹುದೇ? ಸೇರಿಸಬಹುದು. ಎಪಿಐ ಪರವಾನಗಿ ಪಡೆದ ಆಯಿಲ್‌ಗಳು ಒಂದರೊಡನೊಂದು ಬೆರೆಯಲೇಬೇಕೆಂಬ ನಿಯಮವಿದೆ. ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು. ಸೇರಿಸಿದ್ದರ ಬಿಲ್ಲನ್ನು ಇಟ್ಟುಕೊಂಡು ಮುಂದಿನ ಸರ್ವೀಸ್‌ನಲ್ಲಿ ಪೂರ್ತಿ ಬದಲಿಸಲು ಹೇಳಿ. ಉಳಿದ ಅರ್ಧ ಲೀಟರನ್ನು ಮನೆಯ ಬೈಕಿಗೆ ಸುರಿಯುವ ಆಸೆ ಮಾತ್ರ ಬೇಡ. ಬೈಕಿನ ಕ್ಲಚ್ ಸಾಮಾನ್ಯವಾಗಿ ಎಂಜಿನ್ ಆಯಿಲ್‌ನಲ್ಲೇ ನೆನೆದಿರುತ್ತದೆ, ಕಾರಿನ ಆಯಿಲ್‌ನ ಜಾರುವ ರಾಸಾಯನಿಕಗಳಿಂದ ಅದು ಹಿಡಿತ ಕಳೆದುಕೊಳ್ಳಬಹುದು. ಬೈಕಿಗೆ ಜಾಸೊ ಎಂಎ (ನೆನೆದ ಕ್ಲಚ್‌ಗೆಂದು ಜಪಾನಿನ ವಾಹನ ಮಾನಕ ಸಂಸ್ಥೆ ಗೊತ್ತುಪಡಿಸಿದ ದರ್ಜೆ) ಎಂದು ಬರೆದಿರುವ ಡಬ್ಬಿಯೇ ಬೇಕು.