ಉದ್ದ ಗಡ್ಡ ನೋಡಿ ಬೆಚ್ಚಿದರೆ ಬ್ರಿಕ್ಸ್‌ಟನ್ ಅರ್ಥವಾಗುವುದಿಲ್ಲ

ಭದ್ರತಾ ವಿಷಯ ಪಾಠ ಮಾಡುವವಳು ನಾನು. 'ಸಲಫಿಗಳು ಅಂದ್ರೆ ಉಗ್ರರೇ ಅಲ್ವಾ ಮೇಡಂ?' ಎಂಬ ಪ್ರಶ್ನೆ ಪ್ರತಿ ತರಗತಿಯಲ್ಲೂ ಬರುತ್ತದೆ. ಆಗ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್ ಮಸೀದಿಯ ಕತೆ ಹೇಳುತ್ತೇನೆ.

ಅಲ್ಲಿ ಇಸ್ಲಾಂಗೆ ಮತಾಂತರವಾದ ಕಪ್ಪು ಯುವಕರು ಜಾಸ್ತಿ. ಇಸ್ಲಾಮಿನ ಮೊದಲ ಮೂರು ತಲೆಮಾರು ಬದುಕಿದ ಹಾಗೇ ಬದುಕಬೇಕು ಎನ್ನುವ ಕಟ್ಟಾ ಸಲಫಿಗಳು. ಅಬ್ದುಲ್ಲಾ ಅಲ್-ಫೈಸಲ್ ಎಂಬ ಪ್ರವಚನಕಾರನನ್ನು ಅವರೇ 1990ರ ದಶಕದ ಆರಂಭದಲ್ಲಿ ಹೊರಹಾಕಿದರು. ಕೊಲೆಗೆ ಪ್ರಚೋದಿಸಿದ್ದಕ್ಕೆ ಕೋರ್ಟು ಅವನಿಗೆ ಶಿಕ್ಷೆ ಕೊಟ್ಟಿದ್ದು 2003ರಲ್ಲಿ! ಆದರೆ ಮಸೀದಿಯ ಹೆಸರು ಲೋಕಕ್ಕೆಲ್ಲ ಗೊತ್ತಾಗಿದ್ದು ರಿಚರ್ಡ್ ರೀಡ್‌ನಿಂದ. 2001ರ ಡಿಸೆಂಬರಿನಲ್ಲಿ ಶೂನಲ್ಲಿ ಬಾಂಬ್ ಇಟ್ಟುಕೊಂಡು ವಿಮಾನ ಹತ್ತಿದವನು. ಅವನೂ ಅಲ್ಲಿ ನಮಾಜ್ ಮಾಡುತ್ತಿದ್ದ. ಯುವಕರು ದಾರಿ ತಪ್ಪುತ್ತಿರುವ ಬಗ್ಗೆ ಪೊಲೀಸರಿಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದೆವು ಎಂದು ಮಸೀದಿಯ ಅಧ್ಯಕ್ಷ ಅಬ್ದುಲ್ ಹಕ್ ಬೇಕರ್ ಆಗ ಹೇಳಿದರು.

ಲಂಡನ್ ಪೊಲೀಸರು 2002ರಲ್ಲಿ ಮುಸ್ಲಿಮರ ಸಂಪರ್ಕಕ್ಕೆಂದೇ ಒಂದು ಘಟಕ ಮಾಡಿ, ಇಂಥವರ ಜೊತೆ ಕೂತರು. ಲೆಕ್ಕಾಚಾರ ಸರಳ. ಬಿನ್ ಲಾದೆನ್‌ಗೆ ಮರುಳಾದ ಹುಡುಗ ಉದಾರವಾದಿಯ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಕುರಾನ್, ಹದೀಸ್ ಹಿಡಿದು ವಾದಿಸುವ ಸಲಫಿಯ ಮಾತನ್ನಾದರೂ ಕೇಳಬಹುದು. ಯುವಕರನ್ನು ಉಗ್ರವಾದದಿಂದ ದೂರವಿಡುವ ಬೇಕರ್ ಅವರ 'ಸ್ಟ್ರೀಟ್' ಯೋಜನೆಗೆ ಸರ್ಕಾರದ ಹಣವೂ ಬಂತು.

2011ರಲ್ಲಿ ಗಾಳಿ ತಿರುಗಿತು. ಫೆಬ್ರವರಿಯಲ್ಲಿ ಆಗಿನ ಬ್ರಿಟಿಷ್ ಪ್ರಧಾನಿ ಕ್ಯಾಮರೂನ್ ಮ್ಯೂನಿಕ್‌ನಲ್ಲಿ ಮಾತಾಡಿ, ಹಿಂಸೆಗೆ ಇಳಿಯದ ಉಗ್ರ ವಿಚಾರವೂ ಅಪಾಯವೇ ಎಂದರು. ಜೂನ್‌ನಲ್ಲಿ, ಜನ ಉಗ್ರವಾದಕ್ಕೆ ಹೋಗದಂತೆ ತಡೆಯುವ ಸರ್ಕಾರದ 'ಪ್ರಿವೆಂಟ್' ನೀತಿ ಬದಲಾಯಿತು. ಸ್ಟ್ರೀಟ್‌ಗೆ ಹಣ ನಿಂತಿತು.

ಕ್ಯಾಮರೂನ್ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಹೆಣ್ಣುಮಕ್ಕಳ ಬಗ್ಗೆ, ಸಲಿಂಗಿಗಳ ಬಗ್ಗೆ ಸಲಫಿಗಳ ನಿಲುವು ನನಗೂ ಒಪ್ಪಿಗೆಯಿಲ್ಲ. ಆದರೆ ಅದು ಶಾಲೆಯಲ್ಲಿ, ಚುನಾವಣೆಯಲ್ಲಿ ಆಡಬೇಕಾದ ಜಗಳ. ಬಾಂಬ್ ಹುಡುಕುವ ಪೊಲೀಸರ ತಲೆಗೆ ಅದನ್ನೂ ಕಟ್ಟಿದರೆ ಅವರು ಗಡ್ಡ ಎಣಿಸುತ್ತಾ ಕೂರುತ್ತಾರೆ. ನೆದರ್ಲೆಂಡ್ಸ್‌ನ ಗುಪ್ತಚರ ಸಂಸ್ಥೆ ಎಐವಿಡಿ ರಾಜಕೀಯದಿಂದ ದೂರವಿರುವ ಸಲಫಿಗಳು, ರಾಜಕೀಯ ಮಾಡುವವರು, ಜಿಹಾದಿಗಳು ಎಂದು ಬೇರೆಬೇರೆಯಾಗಿ ನೋಡುತ್ತದೆ. ಗೆರೆ ಎಲ್ಲಿ ಎಳೆಯುವುದು ಎಂಬ ತಕರಾರು ಅಲ್ಲೂ ಮುಗಿದಿಲ್ಲ, ಬಿಡಿ.

ರೀಡ್ ಬ್ರಿಕ್ಸ್‌ಟನ್‌ನಲ್ಲೇ ಉಳಿಯಲಿಲ್ಲ. ಉಗ್ರ ಪ್ರವಚನಕಾರ ಅಬು ಹಮ್ಜಾ ಭಾಷಣ ಮಾಡುತ್ತಿದ್ದ ಫಿನ್ಸ್‌ಬರಿ ಪಾರ್ಕ್ ಮಸೀದಿಯ ಕಡೆ ಹೊರಟ. ಹಾಗಾಗಿ ಮಸೀದಿಗೆ ಯಾರು ಬರುತ್ತಾರೆ ಎನ್ನುವುದಕ್ಕಿಂತ, 'ಇವರು ತೀರಾ ಮೆತ್ತಗೆ' ಎಂದು ಬೈದುಕೊಂಡು ಯಾರು ಬಿಟ್ಟು ಹೋಗುತ್ತಾರೆ ಎಂದು ನೋಡಿ ಅಂತ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಆ ಸುದ್ದಿ ಮೊದಲು ತಿಳಿಯುವುದು ಮಸೀದಿಯವರಿಗೇ.