ರುಥ್‌ವೆಲ್ ಶಿಲುಬೆಯಲ್ಲಿ ಹಳೆಯದೆಷ್ಟು, ಹೊಸದೆಷ್ಟು?

ಸ್ಕಾಟ್ಲೆಂಡಿನ ಡಂಫ್ರೀಸ್ ಹತ್ತಿರ ರುಥ್‌ವೆಲ್ ಅಂತ ಒಂದು ಹಳ್ಳಿ. ಅಲ್ಲಿನ ಚರ್ಚಿನೊಳಗೆ ಸುಮಾರು 18 ಅಡಿಯ ಕಲ್ಲಿನ ಶಿಲುಬೆ ನಿಂತಿದೆ. ಫೋಟೊ ನೋಡಿದವರು ಪೂರ್ತಿ ಶಿಲುಬೆಯೇ 8ನೇ ಶತಮಾನದ್ದು ಅಂದುಕೊಳ್ಳುತ್ತಾರೆ. ಅದು ತಪ್ಪು. ಅದರ ಅಡ್ಡತೋಳಿಗೆ ಬರೀ ಇನ್ನೂರು ವರ್ಷ.

ಮೊದಲು ಕೆತ್ತಿದಾಗ ಆ ಸೀಮೆ ಹಳೆಯ ಇಂಗ್ಲಿಷ್ ಆಡುವವರ ನಾರ್ಥಂಬ್ರಿಯಾ ರಾಜ್ಯಕ್ಕೆ ಸೇರಿತ್ತು. ಎರಡು ಮುಖಗಳಲ್ಲಿ ಬೈಬಲಿನ ದೃಶ್ಯಗಳು, ಪಕ್ಕಗಳಲ್ಲಿ ಬಳ್ಳಿ ಮತ್ತು ಹಕ್ಕಿಗಳು. ಬಳ್ಳಿಯ ಅಂಚಿಗೆ ರೂನ್ ಎಂಬ ಉತ್ತರ ಯುರೋಪಿನ ಹಳೆಯ ಲಿಪಿಯಲ್ಲಿ ಹಳೆಯ ಇಂಗ್ಲಿಷಿನ ಪದ್ಯದ ಸಾಲುಗಳಿವೆ, ಅಲ್ಲಿ ಮಾತಾಡುವುದು ಶಿಲುಬೆಯೇ: ಕ್ರಿಸ್ತನನ್ನು ಹೊತ್ತದ್ದು, ರಕ್ತದಲ್ಲಿ ನೆನೆದದ್ದು.

ಎಷ್ಟೋ ಶತಮಾನ ಕಳೆದವು. 1640ರಲ್ಲಿ ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆ ವಿಗ್ರಹಾರಾಧನೆಯ ಗುರುತುಗಳನ್ನು ಕೆಡವಬೇಕೆಂದು ಆಜ್ಞೆ ಮಾಡಿತು. 1642ರಲ್ಲಿ ಶಿಲುಬೆ ಉರುಳಿತು. ತುಂಡುಗಳು ಚರ್ಚಿನ ನೆಲದಲ್ಲೇ ಬಿದ್ದಿದ್ದವು, ಜನ ಅವುಗಳ ಮೇಲೆ ಕೂರುತ್ತಿದ್ದರಂತೆ. 18ನೇ ಶತಮಾನದ ಕೊನೆಯ ಹೊತ್ತಿಗೆ ಅವು ಹೊರಗೆ, ಗೋರಿಗಳ ನಡುವೆ ಮಳೆಗೆ ನೆನೆಯುತ್ತಿದ್ದವು. ಅದು ಮರಳುಗಲ್ಲು, ಬೇಗ ಸವೆಯುತ್ತದೆ. 1703ರಲ್ಲಿ ಅಚ್ಚಾದ ಚಿತ್ರದಲ್ಲಿ ಕಾಣುವ ಕೆಲವು ಅಕ್ಷರಗಳು ಈಗ ಕಲ್ಲಿನ ಮೇಲಿಲ್ಲ, ನೆನೆದರೆ ಸಂಕಟವಾಗುತ್ತದೆ.

1799ರಲ್ಲಿ ಹೆನ್ರಿ ಡಂಕನ್ ಪಾದ್ರಿಯಾಗಿ ಬಂದರು. 1810ರಲ್ಲಿ ಊರಿನ ಬಡವರಿಗಾಗಿ ಉಳಿತಾಯ ಬ್ಯಾಂಕ್ ತೆರೆದವರೂ ಇವರೇ. 1802ರಲ್ಲಿ ಅವರು ತುಂಡುಗಳನ್ನು ತಮ್ಮ ಮನೆಯ ತೋಟಕ್ಕೆ ಸಾಗಿಸಿದರು. ಒಂದು ತುಂಡಂತೂ ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ಆಳವಾಗಿ ಗೋರಿ ತೋಡುವಾಗ ಸಿಕ್ಕಿತ್ತು. ಆದರೆ ಅಡ್ಡತೋಳು ಸಿಗಲೇ ಇಲ್ಲ. ಊರಿನ ಕಲ್ಲುಕುಟಿಗನ ಕೈಲಿ ಊಹೆಯ ಮೇಲೆ ಹೊಸ ತೋಳು ಮಾಡಿಸಿ 1823ರಲ್ಲಿ ನಿಲ್ಲಿಸಿದರು, ಆಗ ತುದಿಯ ಹಳೆಯ ಕಲ್ಲು ಹಿಂದುಮುಂದಾಗಿ ಕೂತುಬಿಟ್ಟಿತು.

1887ರಲ್ಲಿ ಚರ್ಚಿಗೆ ಹೊಸ ಭಾಗ ಕಟ್ಟಿ, ನೆಲದಲ್ಲಿ ಗುಂಡಿ ತೆಗೆದು ಶಿಲುಬೆಯನ್ನು ಒಳಗೆ ತಂದು ಅದರಲ್ಲಿ ನಿಲ್ಲಿಸಿದರು. ನನಗೆ ಇದೇ ಸರಿಯಾದ ಕೆಲಸ ಅನಿಸುತ್ತದೆ.

ಈಗಿನ ಚರ್ಚೆ ಬೇರೆ. ಮೇಲಿನ ಕಲ್ಲಿಗೂ ಕೆಳಗಿನ ಕಲ್ಲಿಗೂ ಬಣ್ಣ ಸ್ವಲ್ಪ ಬೇರೆ. ಹಾಗಾಗಿ ಮೊದಲು ಇದು ಬರೀ ಕಂಬವಾಗಿತ್ತು, ಶಿಲುಬೆಯ ರೂಪ ಆಮೇಲೆ ಬಂತು ಅನ್ನುವ ವಿದ್ವಾಂಸರೂ ಇದ್ದಾರೆ. ಹೊಸ ತೋಳನ್ನು ತೆಗೆಯಬೇಕು ಅಂತ ನಾನು ಹೇಳುವುದಿಲ್ಲ, ಆದರೆ ಎಲ್ಲಿಂದ ಎಲ್ಲಿಯವರೆಗೆ ಹೊಸದು ಅನ್ನುವುದನ್ನು ನೋಡುವವರಿಗೆ ಮೊದಲೇ ಹೇಳಬೇಕು ಅಲ್ವಾ? ತೋಳು ತಾವು ಮಾಡಿಸಿದ್ದು ಅಂತ ಡಂಕನ್ ತಾವೇ ಬರೆದಿಟ್ಟಿದ್ದಾರೆ.