ಚರ್ಚ್ ಗೋಪುರದೊಳಗೆ ಆಂಟೆನಾ ಮುಚ್ಚಿಟ್ಟರೆ ರೇಡಿಯೋ ಕೇಳಿಸುತ್ತಾ?

ಓದುಗರ ಪ್ರಶ್ನೆ: ಇಂಗ್ಲೆಂಡಿನ ಹಳೇ ಚರ್ಚ್ ಗೋಪುರಗಳಲ್ಲಿ ರೇಡಿಯೋ ಆಂಟೆನಾ ಇರುತ್ತವಂತೆ. ಕೆಳಗೆ ನಿಂತು ನೋಡಿದರೆ ಏನೂ ಕಾಣಲ್ಲ. ಹಾಗೆ ಮುಚ್ಚಿಟ್ಟರೆ ಸಿಗ್ನಲ್ ಹೊರಗೆ ಬರುತ್ತಾ?

ಬರುತ್ತದೆ. ಯಾವುದರಿಂದ ಮುಚ್ಚಿದ್ದಾರೆ ಅನ್ನುವುದೇ ಮುಖ್ಯ.

ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿಯೋ ದುಂಡಗಿದೆ, ಹಾಗಾಗಿ ಆಂಟೆನಾ ಎತ್ತರದಲ್ಲಿದ್ದಷ್ಟೂ ದೂರ ತಲುಪುತ್ತವೆ. ಬಯಲು ನೆಲದಲ್ಲಿ 10 ಮೀಟರ್ ಎತ್ತರದ ಆಂಟೆನಾಗೆ ಸುಮಾರು 13 ಕಿ.ಮೀ.ವರೆಗೆ ಅಡ್ಡಿಯಿಲ್ಲ. 60 ಮೀಟರ್ ಎತ್ತರಕ್ಕೆ ಹೋದರೆ ಅದು 32 ಕಿ.ಮೀ. ಆಗುತ್ತದೆ. ಇಂಗ್ಲೆಂಡಿನಲ್ಲಿ ಊರಿನವರೇ ನಡೆಸುವ ಸಮುದಾಯ ರೇಡಿಯೋಗಳಿಗೆ ಸಿಗುವ ಪವರ್ ಎಷ್ಟೋ ಸಲ ಬರೀ 25 ವ್ಯಾಟ್. ಎತ್ತರವಿಲ್ಲದಿದ್ದರೆ ಅವರಿಗೆ ಗತಿಯಿಲ್ಲ. ಊರಲ್ಲಿ ಎಲ್ಲಕ್ಕಿಂತ ಎತ್ತರದ್ದು ಚರ್ಚೇ ಅಲ್ವಾ?

ಗಂಟೆ ತೂಗುವ ಕೋಣೆಯ ಕಿಟಕಿಗಳಿಗೆ ಗಾಜಿರುವುದಿಲ್ಲ, ಓರೆಯಾದ ಪಟ್ಟಿಗಳಿರುತ್ತವೆ. ಸದ್ದು ಹೊರಗೆ ಹೋಗಬೇಕು, ಮಳೆ ಒಳಗೆ ಬರಬಾರದು. ಪಟ್ಟಿ ಒಣ ಮರದ್ದಾದರೆ ಅಲೆಗೂ ಅಷ್ಟೇನೂ ತೊಂದರೆಯಿಲ್ಲ. ಅದಕ್ಕೆ ಸೀಸದ ತಗಡು ಹೊದಿಸಿದ್ದರೆ ಅಲೆ ಅಲ್ಲೇ ನಿಂತಿತು. ಆಗ ಅದನ್ನು ತೆಗೆದು ಫೈಬರ್‌ಗ್ಲಾಸಿನ ನಕಲು ಪಟ್ಟಿ ಕೂರಿಸುತ್ತಾರೆ. ಬಣ್ಣ, ಗೆರೆ, ಮಾಸಲು ಎಲ್ಲ ಹಳೆಯದರಂತೆಯೇ. ಆದರೆ ಬಳಿಯುವ ಬಣ್ಣದಲ್ಲಿ ಲೋಹದ ಪುಡಿ ಇದ್ದರೆ ಮಾಡಿದ್ದೆಲ್ಲ ದಂಡ.

ಈ ಉಪಾಯ ಮೊಬೈಲ್ ಆಂಟೆನಾಗೆ ಚೆನ್ನಾಗಿ ಒಗ್ಗುತ್ತದೆ. ಎಫ್‌ಎಂ ಕಥೆ ಬೇರೆ. ಅದರ ಅಲೆಯ ಉದ್ದವೇ ಸುಮಾರು 3 ಮೀಟರ್, ಸಾದಾ ಡೈಪೋಲ್ (ಎರಡು ಕೋಲಿನ) ಆಂಟೆನಾ ಅದರ ಅರ್ಧ. ಪಕ್ಕದಲ್ಲೇ ಕಂಚಿನ ಗಂಟೆ, ಉಕ್ಕಿನ ಚೌಕಟ್ಟು ಇದ್ದರೆ ಅಲೆಗಳು ಅಡ್ಡಾದಿಡ್ಡಿ ಚದುರುತ್ತವೆ. ಒಂದು ಕಡೆಯವರಿಗೆ ಹಾಡು ಚೆನ್ನಾಗಿ ಕೇಳಿಸಿದರೆ ಇನ್ನೊಂದು ಕಡೆಯವರಿಗೆ ಬರೀ ಗೊರಗೊರ. ಅದಕ್ಕೇ ಎಫ್‌ಎಂ ಆಂಟೆನಾಗೆ ಹೊರಗಿನ ಜಾಗವೇ ವಾಸಿ. ಮೇಲಿನ ಕಟ್ಟೆಗೋಡೆಯ ಹಿಂದೆ ನಿಲ್ಲಿಸಬಹುದು, ಬಾವುಟದ ಕಂಬಕ್ಕೆ ಕಟ್ಟಬಹುದು, ಕಂಬ ಫೈಬರ್‌ಗ್ಲಾಸಿನದಾದರೆ ಅದರೊಳಗೇ ಇಳಿಸಬಹುದು. ನನ್ನ ಕೇಳಿದರೆ, ಇದರಲ್ಲಿ ಬಚ್ಚಿಡುವುದು ಕಡಿಮೆ, ಯಾರೂ ತಲೆಯೆತ್ತಿ ನೋಡದಿರುವುದೇ ಜಾಸ್ತಿ. ಮೋಡದ ಮುಂದೆ ಬೂದು ಬಣ್ಣದ ಸಣ್ಣ ಕೋಲು ಯಾರ ಕಣ್ಣಿಗೆ ಬೀಳುತ್ತೆ?

ಹಾಗಂತ ಸುಮ್ನೆ ಹತ್ತಿ ಮೊಳೆ ಹೊಡೆಯುವಂತಿಲ್ಲ. ಚರ್ಚ್ ಆಫ್ ಇಂಗ್ಲೆಂಡಿನ ಕಟ್ಟಡವಾದರೆ ಅದರದೇ ಕೋರ್ಟಿನ ಅನುಮತಿ ಬೇಕು. ಬೋಲ್ಟನ್ನು ಕಲ್ಲಿಗಿಂತ ಕಲ್ಲುಗಳ ನಡುವಿನ ಗಾರೆಗೆ ಹಾಕುವುದು ಒಳ್ಳೆಯದು, ನಾಳೆ ಕಿತ್ತರೂ ಗುರುತು ಉಳಿಯಬಾರದು. ಅದೂ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟೇ ಆಗಬೇಕು. ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಕಲ್ಲನ್ನೇ ಸೀಳುತ್ತದೆ.

ತಕರಾರು ಕಲ್ಲಿನ ಬಗ್ಗೆಯೇ ಇರಬೇಕೆಂದೇನೂ ಇಲ್ಲ. ಲಂಡನ್ನಿನ ಚಿಂಗ್‌ಫರ್ಡ್‌ನ ಚರ್ಚೊಂದರಲ್ಲಿ ಮೊಬೈಲ್ ಆಂಟೆನಾ ಹಾಕಲು ಹೊರಟಾಗ, ಅದರ ಮೂಲಕ ಅಶ್ಲೀಲ ಚಿತ್ರಗಳೂ ಹರಿಯುತ್ತವೆ ಎಂದು ಚರ್ಚಿನ ನ್ಯಾಯಾಧೀಶರು ಬೇಡ ಅಂದರು. ಮೇಲ್ಮನವಿಯಲ್ಲಿ ಆ ತೀರ್ಪು ಬಿದ್ದುಹೋಯಿತು. 2018ರಲ್ಲಂತೂ ಹಳ್ಳಿಗಳ ಇಂಟರ್‌ನೆಟ್‌ಗೆ ಗೋಪುರಗಳನ್ನು ಬಳಸೋಣ ಎಂದು ಚರ್ಚ್ ಆಫ್ ಇಂಗ್ಲೆಂಡ್ ಸರ್ಕಾರದ ಜೊತೆ ಒಪ್ಪಂದವನ್ನೇ ಮಾಡಿಕೊಂಡಿತು.